ಹುಲಿಗಿಗೆ ಓಡುವ ಹರಕೆ

ಪ್ರಶ್ನೆ: ನನಗೆ 31 ವರ್ಷ. ಇರಕಲ್ಲಗಡದಲ್ಲಿ ಗೊಬ್ಬರದ ಅಂಗಡಿ ಇದೆ. ನನ್ನನ್ನು ಸಾಕಿದ ಚಿಗವ್ವನಿಗೆ 44ನೇ ವಯಸ್ಸಿಗೆ ಎಡಗಡೆ ಸ್ತನದ ಕ್ಯಾನ್ಸರ್ ಆಯಿತು. ಆಪರೇಷನ್, ಕೀಮೋ, ಕರೆಂಟ್ (ವಿಕಿರಣ ಚಿಕಿತ್ಸೆ) ಎಲ್ಲ ಮುಗಿದು ಎರಡು ವರ್ಷವಾಯಿತು. ಈಗ ಗುಳಿಗೆ ಮಾತ್ರ. ಅವಳು ಗುಣವಾದರೆ ಊರಿನಿಂದ ಹುಲಿಗಿಯ ಹುಲಿಗೆಮ್ಮನ ಗುಡಿಯವರೆಗೆ ಬರಿಗಾಲಲ್ಲಿ ಓಡಿ ಬರುತ್ತೇನೆಂದು ಬೇಡಿಕೊಂಡಿದ್ದೆ. ಬರುವ ಜಾತ್ರೆಗೆ ತೀರಿಸಬೇಕೆಂದಿದ್ದೇನೆ. ಹೈಸ್ಕೂಲಿನ ಕಬಡ್ಡಿ ಬಿಟ್ಟರೆ ಓಡಿದವನಲ್ಲ. ಚಿಗವ್ವನೂ ‘ನಾನೂ ಬರ್ತೀನಿ’ ಎಂದು ಹಟ ಹಿಡಿದಿದ್ದಾಳೆ. ಅವಳ ಎಡಗೈ ಆಗಾಗ ಬಾವು ಬರುತ್ತದೆ. ಏನು ಮಾಡಲಿ?
– ಹೆಸರು ಬೇಡ, ಇರಕಲ್ಲಗಡ, ಕೊಪ್ಪಳ ತಾಲ್ಲೂಕು

ಉತ್ತರ: ಹರಕೆ ಬಿಡಬೇಡಿ, ಜಾತ್ರೆಯ ದಿನವನ್ನು ಮಾತ್ರ ಬಿಡಿ. ಜಾತ್ರೆ ಬೀಳುವುದು ಬೇಸಿಗೆಯಲ್ಲಿ. ಕೊಪ್ಪಳದ ಬಿಸಿಲು 40 ಡಿಗ್ರಿ ಮುಟ್ಟುವ ಕಾಲದಲ್ಲಿ ಓಡಿದರೆ ಮೈಯೊಳಗಿನ ಕಾವು ಹೊರಹೋಗಲು ದಾರಿ ಸಿಗುವುದಿಲ್ಲ. ಗುಡಿಗೆ ಜನ ಪ್ರತಿ ಹುಣ್ಣಿಮೆಗೂ ಬರುತ್ತಾರೆ. ಹೊಸ್ತಿಲ ಹುಣ್ಣಿಮೆಯನ್ನೋ ಬನದ ಹುಣ್ಣಿಮೆಯನ್ನೋ ಹಿಡಿಯಿರಿ, ನಸುಕಿನಲ್ಲೇ ಹೊರಡಿ.

ದಾರಿಯ ದೂರವನ್ನು ಮೊದಲು ಬೈಕಿನ ಮೀಟರಿನಲ್ಲಿ ಅಳೆದುಕೊಳ್ಳಿ. ಆಮೇಲೆ ತಯಾರಿ. ಕೆನಡಾದ ಟೆರ್ರಿ ಫಾಕ್ಸ್ ಮೂಳೆ ಕ್ಯಾನ್ಸರಿನಿಂದ ಬಲಗಾಲು ಕಳೆದುಕೊಂಡು, 1980ರಲ್ಲಿ ಕೃತಕ ಕಾಲಿನ ಮೇಲೆ 143 ದಿನ, 5,373 ಕಿ.ಮೀ. ಓಡಿದ. ಅದಕ್ಕೆ ಮುಂಚೆ ವರ್ಷಕ್ಕೂ ಮಿಕ್ಕಿ ತಯಾರಿ ಮಾಡಿದ್ದ. ನಿಮಗೆ ಕನಿಷ್ಠ ಐದಾರು ತಿಂಗಳಾದರೂ ಬೇಕು. ಬಿ.ಪಿ., ಸಕ್ಕರೆ, ಹಿಮೋಗ್ಲೋಬಿನ್ ತೋರಿಸಿಕೊಳ್ಳಿ. ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೇ ಹೃದಯಾಘಾತ ಆಗಿದ್ದರೆ ಇಸಿಜಿಯೂ ಬೇಕು. ವಾರಕ್ಕೆ ನಾಲ್ಕು ದಿನ ಸಾಕು. ಐದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಶುರುಮಾಡಿ. ಓಡುತ್ತ ಮಾತಾಡಲು ಆಗಬೇಕು, ಆಗದಿದ್ದರೆ ವೇಗ ಹೆಚ್ಚಾಯಿತು ಎಂದೇ ಅರ್ಥ. ಭಾನುವಾರದ ಉದ್ದ ಓಟಕ್ಕೆ ವಾರಕ್ಕೊಂದು ಕಿ.ಮೀ. ಸೇರಿಸಿ, ನಾಲ್ಕನೇ ವಾರ ಇಳಿಸಿ. ಮೊಣಕಾಲು ನೋವೆಂದು ಗುಳಿಗೆ ನುಂಗಿ ಓಡುವುದು ಬೇಡ. ಬೆವರಿ ನೀರಾರಿದ ಮೈಯಲ್ಲಿ ನೋವಿನ ಗುಳಿಗೆ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ. ಬಾಯಾರಿದಷ್ಟು ಕುಡಿಯಿರಿ. ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಇಳಿದು ಅದೇ ಅಪಾಯವಾಗಬಹುದು. ಉಪ್ಪು ಹಾಕಿದ ಮಜ್ಜಿಗೆ ಅಥವಾ ಓಆರ್‌ಎಸ್ ಇರಲಿ.

ಬರಿಗಾಲಿನ ಮಾತು ಹರಕೆಯದ್ದು, ಅದನ್ನು ಗೌರವಿಸುತ್ತೇನೆ. ಡಾಂಬರು, ಜಾಲಿಮುಳ್ಳು, ಗಾಜಿನ ಚೂರಿನ ದಾರಿಯಲ್ಲಿ ಮಾತ್ರ ಬೂಟು ಇರಲಿ. ಊರಿನ ಸೀಮೆ ದಾಟುವವರೆಗೆ ಮತ್ತು ಹುಲಿಗಿ ಮುಟ್ಟಿದ ಮೇಲೆ ಬರಿಗಾಲಲ್ಲಿ ಹೋಗಿ. ಗಿಣಿಗೇರಿ ಸುತ್ತಿನ ಹೆದ್ದಾರಿಯಲ್ಲಿ ಹೋಗುವುದಾದರೆ ಲಾರಿಗಳು ಬಹಳ. ಎದುರು ಬರುವ ವಾಹನ ಕಾಣುವಂತೆ ಬಲಬದಿಯಲ್ಲೇ ಓಡಿ, ಹಿಂದೊಬ್ಬರು ಬೈಕಿನಲ್ಲಿರಲಿ.

ಇನ್ನು ಚಿಗವ್ವ. ಅವರನ್ನು ತಡೆಯಬೇಡಿ! ‘ಕ್ಯಾನ್ಸರ್ ಆದವರು ಕುಳಿತೇ ಇರಬೇಕು’ ಎಂಬ ಮಾತನ್ನು ಹಳ್ಳಿಹಳ್ಳಿಯಲ್ಲೂ ಕೇಳುತ್ತೇನೆ, ಅದರಿಂದ ಆಗುವ ನಷ್ಟ ದೊಡ್ಡದು. ಚಿಕಿತ್ಸೆ ಮುಗಿದವರಿಗೆ ವಾರಕ್ಕೆ 150 ನಿಮಿಷ ಬಿರುಸಾದ ನಡಿಗೆಯನ್ನು ವೈದ್ಯರೇ ಹೇಳುತ್ತೇವೆ. ದೊಡ್ಡ ಕರುಳಿನ ಕ್ಯಾನ್ಸರಿಗೆ ಕೀಮೋ ಪಡೆದ 889 ಜನರ ಮೇಲೆ ನಡೆದು 2025ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೂರು ವರ್ಷ ಮೇಲ್ವಿಚಾರಣೆಯ ವ್ಯಾಯಾಮ ಮಾಡಿದವರಲ್ಲಿ ಶೇ 80ರಷ್ಟು ಮಂದಿ ಐದು ವರ್ಷ ರೋಗ ಮರುಕಳಿಸದೆ ಉಳಿದರು. ತಿಳಿವಳಿಕೆ ಪುಸ್ತಿಕೆ ಮಾತ್ರ ಪಡೆದವರಲ್ಲಿ ಶೇ 74. ಸ್ತನ ಕ್ಯಾನ್ಸರಿಗೆ ಅದೇ ಅಂಕಿ ಹೇಳಲಾಗದು. ಆದರೆ ದಣಿವು ಇಳಿಯುತ್ತದೆ, ನಿದ್ದೆ ಹತ್ತುತ್ತದೆ, ಮೂಳೆ ಗಟ್ಟಿಯಾಗುತ್ತದೆ.

ಅವರು ಓಡುವುದು ಬೇಡ, ನಡೆಯಲಿ. ಕೆಲವು ಕೀಮೋ ಔಷಧಿಗಳೂ ಎಡಗಡೆ ಕೊಟ್ಟ ಕರೆಂಟೂ ಹೃದಯದ ಮೇಲೆ ಪರಿಣಾಮ ಮಾಡಬಹುದು, ಆದ್ದರಿಂದ ಚಿಕಿತ್ಸೆ ಕೊಟ್ಟ ವೈದ್ಯರ ಬಳಿ ಹಳೆಯ ಫೈಲು ಒಯ್ದು ಎಕೋ ಬೇಕೇ ಎಂದು ಕೇಳಿ. ಅಂಗಾಲು ಜೋಮು ಹಿಡಿದಂತಿದೆಯೇ ಎಂದು ಅವರನ್ನೇ ವಿಚಾರಿಸಿ. ಇದ್ದರೆ ಬರಿಗಾಲು ಖಂಡಿತ ಬೇಡ, ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ. ಕಂಕುಳಿನ ಗಂಟು ತೆಗೆದಿದ್ದರಿಂದ ಕೈ ಬಾವು ಬರುತ್ತದೆ. ನಡಿಗೆಯಿಂದ ಅದು ಕೆಡುವುದಿಲ್ಲ. ಆ ಕೈಗೆ ಬಿಗಿ ಬಳೆ, ಹೆಗಲಿಗೆ ಭಾರದ ಚೀಲ ಬೇಡ. ಕೈ ಕೆಂಪಾಗಿ ಜ್ವರ ಬಂದರೆ ಅದೇ ದಿನ ತೋರಿಸಿ. ಗುಳಿಗೆ ಟಾಮೊಕ್ಸಿಫೆನ್ ಆಗಿದ್ದರೆ ಒಂದು ಕಾಲಿನ ಮೀನಖಂಡ ಊದಿ ನೋವಾದಾಗ ತಡಮಾಡಬೇಡಿ, ರಕ್ತ ಹೆಪ್ಪುಗಟ್ಟಿರಬಹುದು. ಗುಣವಾಯಿತೆಂದು ತಾವಾಗಿ ಗುಳಿಗೆ ನಿಲ್ಲಿಸುವುದೂ ಬೇಡ. ಅವರು ಊರಿನಲ್ಲೇ ದಿನಾ ಮುಂಜಾನೆ ನಡೆದು ರೂಢಿ ಮಾಡಿಕೊಂಡು, ಆ ದಿನ ಕೊನೆಯ ಎರಡು ಮೂರು ಕಿ.ಮೀ. ನಿಮ್ಮ ಜೊತೆ ಬರಲಿ. ಅಲ್ಲಿ ನೀವೂ ಓಟ ಬಿಟ್ಟು ಅವರ ಹೆಜ್ಜೆಗೆ ಹೆಜ್ಜೆ ಹಾಕಿ.

ನೀವು ಕೇಳದ ಒಂದು ಮಾತು. ಚಿಗವ್ವ ನಿಮ್ಮ ತಾಯಿಯ ಒಡಹುಟ್ಟಿದವರಾಗಿದ್ದರೆ, ತಾಯಿಗೆ ಸ್ತನ ಕ್ಯಾನ್ಸರಿನ ಸಂಭವ ಬೇರೆ ಹೆಂಗಸರಿಗಿಂತ ಸುಮಾರು ಎರಡು ಪಟ್ಟು. ಅವರಿಗೆ ಗಂಟು ಕಾಣುವವರೆಗೆ ಕಾಯದೆ ಈ ತಿಂಗಳೇ ಮ್ಯಾಮೊಗ್ರಾಂ ಮಾಡಿಸಿ. ಚಿಗವ್ವನಿಗೆ ಹೆಣ್ಣುಮಕ್ಕಳಿದ್ದರೆ ಅವರ ತಪಾಸಣೆ 34ನೇ ವಯಸ್ಸಿಗೇ, ಅಂದರೆ ತಾಯಿಗೆ ರೋಗ ಕಂಡದ್ದಕ್ಕಿಂತ ಹತ್ತು ವರ್ಷ ಮುಂಚೆ ಶುರುವಾಗಬೇಕು.