ಲಾಳಿಗೆ ನನ್ನದೇ ಮುಖ

ಮೊದಲು ಬರೆದದ್ದು ನನ್ನ ಮೂಗನ್ನು. ಹಾಳೆ ತುಂಬ ಮೂಗು, ಅದರ ತುದಿಯಿಂದ ತೊಟ್ಟಿಕ್ಕುವ ಕಣ್ಣೀರು. ತಮಾಷೆ ಎಂದುಕೊಂಡು ಹೆಂಡತಿಗೆ ತೋರಿಸಿದೆ. "ಏನ್ರೀ ಇದು, ನೋಡಿದ್ರೆ ಅಳು ಬರುತ್ತೆ" ಅಂದಳು.

ದೊಡ್ಡಬಳ್ಳಾಪುರದ ಮಗ್ಗಗಳಿಗೆ 20 ವರ್ಷ ಸೀರೆ ಡಿಸೈನ್ ಬರೆದವನು ನಾನು. ಗ್ರಾಫ್ ಹಾಳೆಯಲ್ಲಿ ಒಂದೊಂದೇ ಚೌಕಕ್ಕೆ ಕೆಂಪು ಶಾಯಿ ತುಂಬಬೇಕಿತ್ತು. ಅದನ್ನು ನೋಡಿಕೊಂಡು ಜಕಾರ್ಡ್ ಕಾರ್ಡಿಗೆ ತೂತು ಹೊಡೆಯುತ್ತಿದ್ದರು. ಒಂದು ಚೌಕ ತಪ್ಪಿದರೆ ನವಿಲಿನ ಕೊಕ್ಕು ಮುರಿಯುತ್ತಿತ್ತು. ಅಂಚಿನ ಉದ್ದಕ್ಕೂ ಅಷ್ಟೂ ನವಿಲುಗಳದ್ದು ಮುರಿದ ಕೊಕ್ಕೇ. ಆಮೇಲೆ ಕಂಪ್ಯೂಟರ್ ಬಂತು, ನನ್ನ ಕೈಗೆ ಕೆಲಸ ಇಲ್ಲದಾಯಿತು. ಮಹಡಿಯ ಕೋಣೆ ಸೇರಿಕೊಂಡೆ. ಮದುವೆ, ಜಾತ್ರೆ, ಘಾಟಿ ಸುಬ್ರಹ್ಮಣ್ಯನ ರಥ, ಯಾವುದಕ್ಕೂ ಇಳಿಯಲಿಲ್ಲ. ಆ ಮೂಗನ್ನು ಬರೆದದ್ದು ಅಲ್ಲೇ.

ಗೆಳೆಯನೊಬ್ಬ ಬಲವಂತ ಮಾಡಿ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿಗೆ ಕರೆದೊಯ್ದ. ಕೆ. ವೆಂಕಟಪ್ಪ (1886–1965) ಮೈಸೂರು ಅರಮನೆಯ ಚಿತ್ರಗಾರರ ಮನೆತನದವರು. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರ ಶಿಷ್ಯರು. ಮದುವೆಯಾಗಲಿಲ್ಲ, ಜನರ ಜೊತೆ ಬೆರೆತದ್ದೂ ಕಡಿಮೆ. ಊಟಿಯ ಮಂಜನ್ನು ಬರೆದ ಆ ಕೈ ನಡುವೆ ಕುಂಚ ಬಿಟ್ಟು ವೀಣೆ ಹಿಡಿಯಿತು. ವೀಣೆ ಶೇಷಣ್ಣನವರಲ್ಲಿ ಕಲಿತರು. ಆ ಹುಚ್ಚಿಗೆ ತಾವೇ ನಕ್ಕು ಬರೆದ ಚಿತ್ರ 'ಮ್ಯಾಡ್ ಆಫ್ಟರ್ ವೀಣಾ'. ಒಳಗಿನ ಎಳೆದಾಟವನ್ನು ಹೀಗೆ ಗೇಲಿ ಮಾಡಿದ್ದಾರೆ, ಆದರೆ ಕುಂಚ ಮಾತ್ರ ಗೇಲಿ ಮಾಡಿಲ್ಲ. ದೇವರ ಚಿತ್ರಕ್ಕೆ ಇಡುವಷ್ಟೇ ಶ್ರದ್ಧೆ ತಮ್ಮ ಪೆದ್ದುತನಕ್ಕೂ ಇಟ್ಟಿದ್ದಾರೆ.

ನನ್ನ ಮೂಗು ಎಲ್ಲಿ ಕೆಟ್ಟಿತೆಂದು ಆಗ ಹೊಳೆಯಿತು. ಅದನ್ನು ಎರಡು ನಿಮಿಷದಲ್ಲಿ ಗೀಚಿದ್ದೆ. ನನ್ನನ್ನು ನೋಡಿಕೊಂಡಿರಲಿಲ್ಲ, ಕನಿಕರ ಬೇಡಿದ್ದೆ ಅಷ್ಟೆ.

ಹಳೆಯ ಗ್ರಾಫ್ ಹಾಳೆ, ಕೆಂಪು ಶಾಯಿ ಹೊರತೆಗೆದೆ. ಹಾಸಿನ ನಡುವೆ ಸಿಕ್ಕಿಕೊಂಡ ಲಾಳಿ, ಅದಕ್ಕೆ ನನ್ನ ಮುಖ, ಹೊಟ್ಟೆಗೆ ಸುತ್ತಿಕೊಂಡ ನೂಲು. ಒಂದೊಂದು ಎಳೆಯನ್ನೂ ಎಣಿಸಿ ತುಂಬಿದೆ. ಹನ್ನೊಂದು ದಿನ ಹಿಡಿಯಿತು. ಆ ದಿನಗಳಲ್ಲಿ ನನ್ನ ಹುಬ್ಬು, ಬೋಳುತಲೆ, ಬಿಗಿದ ತುಟಿ ಎಲ್ಲವನ್ನೂ ಬೇರೆ ಯಾರದೋ ಎಂಬಂತೆ ಕನ್ನಡಿಯಲ್ಲಿ ನೋಡಿದೆ. ಅಷ್ಟು ಹೊತ್ತು ನೋಡಿದ ಮುಖವನ್ನು ದ್ವೇಷಿಸುವುದು ಕಷ್ಟ.

ಚಿತ್ರವೇ ಔಷಧಿ ಎನ್ನಲಾರೆ. ನಿದ್ದೆ ಬಾರದ್ದಕ್ಕೆ ವೈದ್ಯರ ಹತ್ತಿರ ಹೋದೆ, ಮಾತ್ರೆಯನ್ನೂ ನುಂಗಿದೆ. ಆದರೆ ಕೋಣೆಯ ಬಾಗಿಲು ತೆರೆದದ್ದು ಹೆಂಡತಿಗೆ ಲಾಳಿ ತೋರಿಸಲು. ಅವಳು ಸೆರಗು ಬಾಯಿಗಿಟ್ಟು ನಕ್ಕಳು. "ನೀವೇ ಇದು! ಊಟಕ್ಕೆ ಕರೆದ್ರೂ ಹಿಂಗೇ ಸಿಕ್ಕಾಕ್ಕೊಂಡಿರ್ತೀರಿ. ಬನ್ನಿ, ಮುದ್ದೆ ಆರಿಹೋಗುತ್ತೆ."

ಕೆಳಗಿಳಿದು ಹೋದೆ.