ನಗರ ವ್ಯವಸ್ಥಾಪಕ: ಹುದ್ದೆ, ಹೊಣೆ, ಗುಣ

ನಗರಾಡಳಿತಕ್ಕೆ ವೃತ್ತಿಪರ ವ್ಯವಸ್ಥಾಪಕರನ್ನು ನೇಮಿಸುವ ಪದ್ಧತಿ ಶುರುವಾದದ್ದು ಅಮೆರಿಕದಲ್ಲಿ. 1908ರಲ್ಲಿ ವರ್ಜೀನಿಯಾದ ಸ್ಟಾಂಟನ್ ಇದಕ್ಕೆ ನಾಂದಿ ಹಾಡಿತು. 1913ರ ಮಾರ್ಚ್‌ನಲ್ಲಿ ಭೀಕರ ಪ್ರವಾಹಕ್ಕೆ ತುತ್ತಾದ ಒಹಾಯೊದ ಡೇಟನ್ ನಗರ ಮರುವರ್ಷ ಇದೇ ದಾರಿ ಹಿಡಿಯಿತು. ಅಲ್ಲಿನ ಮೊದಲ ವ್ಯವಸ್ಥಾಪಕ ಹೆನ್ರಿ ವೇಟ್ ಎಂಜಿನಿಯರ್ ಆಗಿದ್ದರು.

ಈ ಪದ್ಧತಿಯಲ್ಲಿ ಚುನಾಯಿತ ಮಂಡಳಿ ನೀತಿ ರೂಪಿಸಿ ಬಜೆಟ್‌ಗೆ ಒಪ್ಪಿಗೆ ಕೊಡುತ್ತದೆ. ಬಜೆಟ್ ಕರಡು ತಯಾರಿಸುವುದು, ಇಲಾಖೆಗಳನ್ನು ನಡೆಸುವುದು ವ್ಯವಸ್ಥಾಪಕರ ಹೊಣೆ. ಅವರನ್ನು ನೇಮಿಸುವ, ತೆಗೆದುಹಾಕುವ ಅಧಿಕಾರ ಮಂಡಳಿಯದೇ.

ಭಾರತದಲ್ಲಿ ಇದಕ್ಕೆ ಹತ್ತಿರದ ಹುದ್ದೆ ಮಹಾನಗರ ಪಾಲಿಕೆ ಆಯುಕ್ತರದು. ಮುಖ್ಯ ವ್ಯತ್ಯಾಸವೆಂದರೆ, ಆಯುಕ್ತರನ್ನು ನೇಮಿಸುವುದು ರಾಜ್ಯ ಸರ್ಕಾರ. ಬೆಂಗಳೂರು ಬಿಟ್ಟು ಕರ್ನಾಟಕದ ಉಳಿದ ಮಹಾನಗರಗಳಲ್ಲಿ ಈ ನೇಮಕ ನಡೆಯುವುದು 1976ರ ಮಹಾನಗರ ಪಾಲಿಕೆಗಳ ಕಾಯ್ದೆಯಡಿ.

ಒಳ್ಳೆಯ ಆಯುಕ್ತರು ಏನು ಮಾಡಬಲ್ಲರು ಎಂಬುದಕ್ಕೆ ಗುಜರಾತ್‌ನ ಸೂರತ್ ಉಜ್ವಲ ನಿದರ್ಶನ. 1994ರ ಸೆಪ್ಟೆಂಬರ್‌ನಲ್ಲಿ ಪ್ಲೇಗ್ ಭೀತಿಗೆ ಲಕ್ಷಾಂತರ ಜನ ಊರು ಬಿಟ್ಟಿದ್ದರು. 1995ರಲ್ಲಿ ಆಯುಕ್ತರಾಗಿ ಬಂದ ಎಸ್. ಆರ್. ರಾವ್ ನಗರವನ್ನು ಆರು ವಲಯಗಳಾಗಿ ವಿಂಗಡಿಸಿ, ವಲಯಾಧಿಕಾರಿಗಳಿಗೆ ಆಡಳಿತ ಮತ್ತು ಹಣಕಾಸಿನ ಅಧಿಕಾರ ಹಂಚಿದರು. ಅಧಿಕಾರಿಗಳು ದಿನವೂ ಬೀದಿಗಿಳಿದು ಪರಿಶೀಲಿಸಬೇಕಾಯಿತು. ರಾತ್ರಿಯೂ ರಸ್ತೆ ಗುಡಿಸುವ ಕೆಲಸ ನಡೆಯಿತು. ಅನಧಿಕೃತ ಕಟ್ಟಡಗಳ ತೆರವಿನಲ್ಲಿ ಪ್ರಭಾವಿಗಳಿಗೂ ರಿಯಾಯಿತಿ ಸಿಗಲಿಲ್ಲ. 1996ರ ಹೊತ್ತಿಗೆ ಪರಂಪರೆ ಸಂರಕ್ಷಣೆಯ ಇಂಟ್ಯಾಕ್ ಸಂಸ್ಥೆ ಸೂರತ್ ಅನ್ನು ಚಂಡೀಗಢದ ನಂತರ ದೇಶದ ಅತ್ಯಂತ ಸ್ವಚ್ಛ ನಗರವೆಂದು ಗುರುತಿಸಿತು.

ಅಧಿಕಾರ ವಿಕೇಂದ್ರೀಕರಣ, ಸ್ಥಳ ಪರಿಶೀಲನೆ, ನಿಷ್ಪಕ್ಷಪಾತ: ಪರೀಕ್ಷೆಯಲ್ಲಿ ಉತ್ತರ ಬರೆಯುವಾಗ ಈ ಮೂರು ಗುಣಗಳನ್ನು ಸೂರತ್ ಉದಾಹರಣೆಯೊಂದಿಗೆ ವಿವರಿಸಬೇಕು.

ನೆನಪಿಡಿ: ನಗರ ಸ್ಥಳೀಯ ಸಂಸ್ಥೆಗಳಿಗೆ ಸಾಂವಿಧಾನಿಕ ಮಾನ್ಯತೆ ಕೊಟ್ಟ ಸಂವಿಧಾನದ 74ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರ ಜೂನ್ 1ರಂದು. ಅದು ಸೇರಿಸಿದ 12ನೇ ಅನುಸೂಚಿಯಲ್ಲಿ ನಗರ ಸಂಸ್ಥೆಗಳಿಗೆ ಸಂಬಂಧಿಸಿದ 18 ವಿಷಯಗಳಿವೆ.