ಬೇಸಗೆಯ ಕಿರುವ್ಯಾಸಂಗಕ್ಕೆ ಪರದೇಶಕ್ಕೆ ಹೋಗುವ ಮಕ್ಕಳು

ಕೋಶ ಓದು, ದೇಶ ನೋಡು ಎಂದರು ನಮ್ಮ ಹಿರಿಯರು. ಕೋಶವನ್ನೋದಿಸುವ ಹೊಣೆಯನ್ನು ಶಾಲೆಗಳು ವಹಿಸಿಕೊಂಡವು. ದೇಶವನ್ನು ನೋಡುವ ಭಾಗವು ಮಾತ್ರ ಬಹುಕಾಲ ಬೆಳೆದವರ ಪಾಲಿಗೇ ಉಳಿಯಿತು. ಶಾಲೆಗೆ ಹೋಗುವ ಮಕ್ಕಳನ್ನು ಬೇಸಗೆಯ ರಜೆಯಲ್ಲಿ ಮೂರು ನಾಲ್ಕು ವಾರಗಳ ಮಟ್ಟಿಗೆ ಪರದೇಶಕ್ಕೆ ಕಳುಹಿಸಿ, ಅಲ್ಲಿಯ ಜನರೊಡನೆ ಬಾಳಿ ಕಲಿಯುವಂತೆ ಮಾಡುವ ಏರ್ಪಾಡುಗಳು ಇಂದು ಅನೇಕವಾಗಿವೆ. ಇವುಗಳ ವಿಷಯದಲ್ಲಿ ನಮ್ಮ ಪೋಷಕರಲ್ಲಿ ಕುತೂಹಲವೂ ಉಂಟು, ಸಂಶಯವೂ ಉಂಟು. ಆದುದರಿಂದ ಇದರ ಹುಟ್ಟು ಮತ್ತು ನಡೆವಳಿಗಳನ್ನು ಇಲ್ಲಿ ಸ್ವಲ್ಪ ವಿಚಾರಿಸೋಣ.

1932ರಲ್ಲಿ ಅಮೆರಿಕದ ಡೊನಾಲ್ಡ್ ವಾಟ್ ಎಂಬವರು ತರುಣರ ಒಂದು ಸಣ್ಣ ತಂಡವನ್ನು ಯುರೋಪಿಗೆ ಕರೆದೊಯ್ದರು. ತಮ್ಮ ಸಾಹಸಕ್ಕೆ ಅವರಿತ್ತ ಹೆಸರು ‘ಅಂತರರಾಷ್ಟ್ರೀಯ ಬಾಳ್ವೆಯ ಪ್ರಯೋಗ’ ಎಂಬರ್ಥದ್ದು. ಮೊದಲು ಶಿಬಿರ ಹೂಡಿ ನೋಡಿದರು. ಶಿಬಿರದ ದೋಷವೇನೆಂಬುದು ಹಾಸ್ಟೆಲುಗಳನ್ನು ನಡೆಸಿದವರಿಗೆ ಹೇಳಬೇಕಾಗಿಲ್ಲ: ಒಂದೇ ನಾಡಿನವರು ಒಂದೇ ಮೂಲೆಯಲ್ಲಿ ಗುಂಪುಗೂಡುತ್ತಾರೆ. ಆಮೇಲೆ ಅವರು ಹಿಡಿದ ದಾರಿ ಮನೆವಾಸ; ಎಂದರೆ, ಒಬ್ಬೊಬ್ಬ ಹುಡುಗನು ಒಂದೊಂದು ಕುಟುಂಬದ ಮಗನಂತೆ ಕೆಲವು ವಾರ ಇರತಕ್ಕದ್ದು. ಇಂದು ಲೋಕದ ಎಲ್ಲೆಡೆಗಳಲ್ಲಿಯೂ ಕಾಣುವ ಮನೆವಾಸದ ಪದ್ಧತಿಯನ್ನು ಬಳಕೆಗೆ ತಂದವರಲ್ಲಿ ಈ ಸಂಸ್ಥೆಗೆ ಮುಖ್ಯ ಸ್ಥಾನವುಂಟು. 1934ರಲ್ಲಿ ಹೀಗೆ ಜರ್ಮನಿಗೆ ಹೋಗಿದ್ದ ಸಾರ್ಜೆಂಟ್ ಶ್ರೈವರ್ ಎಂಬ ತರುಣನು 1961ರಲ್ಲಿ ಅಮೆರಿಕದ ‘ಪೀಸ್ ಕೋರ್’ ಸೇವಾದಳದ ಮೊದಲ ನಿರ್ದೇಶಕನಾದನು. ಒಂದು ಬೇಸಗೆಯೇ ಅವನನ್ನು ಅಲ್ಲಿಗೆ ಒಯ್ದಿತೆಂದು ಹೇಳುವುದು ಅತಿಶಯೋಕ್ತಿಯಾದೀತು. ಆದರೆ ಬೀಜ ಎಲ್ಲಿ ಬಿತ್ತೆಂದು ಊಹಿಸಲು ಅಡ್ಡಿಯಿಲ್ಲ.

ನಮ್ಮ ಮಕ್ಕಳ ವಯಸ್ಸಿಗೆ ಇನ್ನೂ ಹತ್ತಿರವಾದುದು ಡೋರಿಸ್ ಆಲೆನ್ ಎಂಬ ಮನಶ್ಶಾಸ್ತ್ರಜ್ಞೆಯು ಸ್ಥಾಪಿಸಿದ ‘ಮಕ್ಕಳ ಅಂತರರಾಷ್ಟ್ರೀಯ ಬೇಸಗೆಯ ಗ್ರಾಮಗಳು’ ಎಂಬ ಸಂಸ್ಥೆ. ಎರಡನೆಯ ಮಹಾಯುದ್ಧ ಮುಗಿದ ಹೊಸತರಲ್ಲಿ, ಶಾಂತಿಯ ಶಿಕ್ಷಣವನ್ನು ದೊಡ್ಡವರಿಂದ ಮೊದಲುಮಾಡಬೇಕೆಂದು ಪಂಡಿತರು ಚರ್ಚಿಸುತ್ತಿದ್ದಾಗ, ಈಕೆ ಅದು ತೀರ ತಡವೆಂದರು. ಮೊದಲುಮಾಡಬೇಕಾದುದು ಮಕ್ಕಳಿಂದ ಎಂದರು. ಅದರಂತೆ 1951ರಲ್ಲಿ ಒಹಾಯೋ ಸಂಸ್ಥಾನದ ಸಿನ್ಸಿನಾಟಿ ನಗರದ ಬಳಿ ಮೊದಲನೆಯ ಗ್ರಾಮ ಕೂಡಿತು. ಯುದ್ಧ ನಿಂತು ಆರೇ ವರ್ಷಗಳಾಗಿದ್ದುವು. ಜರ್ಮನಿಯ ಮಕ್ಕಳೂ ಬ್ರಿಟನ್, ಫ್ರಾನ್ಸ್, ನಾರ್ವೆಗಳ ಮಕ್ಕಳೂ ಅಲ್ಲಿ ಒಂದೇ ಮೇಜಿನಲ್ಲಿ ಕುಳಿತು ಉಂಡರು. ಈ ಮಕ್ಕಳ ತಂದೆತಾಯಿಗಳ ಧೈರ್ಯವನ್ನು ನಾವು ನೆನೆಯಬೇಕು. ಕಳುಹಿಸಿಕೊಟ್ಟವರು ಅವರೇ ಅಷ್ಟೆ.

ಗ್ರಾಮದ ಕಟ್ಟಳೆ ಸರಳವಾದುದು. ಪ್ರತಿಯೊಂದು ದೇಶದಿಂದ ನಾಲ್ವರು ಮಕ್ಕಳು, ಇಬ್ಬರು ಹುಡುಗರು, ಇಬ್ಬರು ಹುಡುಗಿಯರು. ಅವರೊಡನೆ ಒಬ್ಬ ವಯಸ್ಕ ನಾಯಕ ಇಲ್ಲವೆ ನಾಯಕಿ. ಹತ್ತು ಹನ್ನೆರಡು ದೇಶಗಳ ಇಂಥ ತಂಡಗಳು ಸುಮಾರು ನಾಲ್ಕು ವಾರ ಒಟ್ಟಿಗೆ ಬಾಳುತ್ತವೆ. ಹದಿನಾರು ಹದಿನೇಳು ವರ್ಷದ ಕೆಲವರು ಕಿರಿಯ ಮೇಲ್ವಿಚಾರಕರಾಗಿ ನೆರವಾಗುತ್ತಾರೆ. ಮಕ್ಕಳಿಗೆಲ್ಲ ವಯಸ್ಸು ಹನ್ನೊಂದು. ಈ ಹನ್ನೊಂದರ ಆಯ್ಕೆಯನ್ನು ನಾವು ಬಹಳ ಮೆಚ್ಚುತ್ತೇವೆ. ಆ ವಯಸ್ಸಿನ ಮಗುವಿಗೆ ತನ್ನ ಮನೆ, ಭಾಷೆ, ಆಚಾರಗಳು ತಿಳಿದಿರುತ್ತವೆ. ತಾಯಿಯನ್ನು ಬಿಟ್ಟು ಒಂದು ತಿಂಗಳಿರಲು ಶಕ್ತಿ ಬಂದಿರುತ್ತದೆ. ಆದರೆ ಹದಿಹರೆಯದ ಸಂಕೋಚವಾಗಲಿ, ದೊಡ್ಡವರ ದ್ವೇಷಗಳಾಗಲಿ ಇನ್ನೂ ಗಟ್ಟಿಯಾಗಿರುವುದಿಲ್ಲ. ಮಾತು ಬಾರದಿದ್ದರೂ ಚೆಂಡನ್ನೆಸೆದು ಗೆಳೆತನ ಮಾಡಬಲ್ಲ ಕೊನೆಯ ವಯಸ್ಸು ಅದು. ಗ್ರಾಮದ ಸಾಮಾನ್ಯ ಭಾಷೆ ಇಂಗ್ಲಿಷಾದರೂ ಆಟ, ಹಾಡು, ಅಭಿನಯಗಳಿಂದಲೇ ಬಹುಭಾಗದ ವ್ಯವಹಾರ ಸಾಗುತ್ತದೆ. ಒಂದೊಂದು ತಂಡಕ್ಕೆ ತನ್ನ ನಾಡನ್ನು ಇತರರಿಗೆ ತೋರಿಸುವ ಒಂದು ಸಂಜೆಯೂ ಮೀಸಲಾಗಿರುತ್ತದೆ. ಭಾರತದಲ್ಲಿಯೂ ಈ ಸಂಸ್ಥೆಯ ಶಾಖೆಯುಂಟು.

ಇನ್ನು ಭಾಷೆಯ ಮಾತು. ಇಂಗ್ಲೆಂಡಿನಲ್ಲಿ ಮೂರು ವಾರವಿದ್ದರೆ ಮಗು ಇಂಗ್ಲಿಷನ್ನು ನೀರು ಕುಡಿದಂತೆ ಆಡುವುದೆಂಬ ಭ್ರಮೆ ಕೆಲವರಲ್ಲುಂಟು. ಭಾಷೆಯು ಅಷ್ಟು ಅಗ್ಗಕ್ಕೆ ದೊರೆಯುವ ವಸ್ತುವಲ್ಲ. ಆದರೆ ಕಲಿತದ್ದನ್ನು ಬಾಯಿಗೆ ತರುವ ಅಂಜಿಕೆಯನ್ನು ಮೂರು ವಾರಗಳು ಕಳೆಯಬಲ್ಲವು, ಅದೂ ಒಂದು ಕಟ್ಟು ಇದ್ದರೆ. ಇದಕ್ಕೆ ಒಳ್ಳೆಯ ನಿದರ್ಶನ ಪರದೇಶದ ವ್ಯಾಸಂಗದ್ದಲ್ಲ, ಐರ್ಲೆಂಡಿನ ಮಕ್ಕಳು ತಮ್ಮ ನಾಡಿನೊಳಗೇ ಮಾಡುವ ಬೇಸಗೆಯ ವಾಸದ್ದು. ಅಲ್ಲಿ ಬಹುಜನರ ಮನೆಮಾತು ಇಂಗ್ಲಿಷಾಗಿಹೋಗಿದೆ. ಐರಿಷ್ ಭಾಷೆ ಜೀವಂತವಾಗಿ ಉಳಿದಿರುವುದು ಪಶ್ಚಿಮದ ಕರಾವಳಿಯ ಕೆಲವು ಸೀಮೆಗಳಲ್ಲಿಯೇ ಹೆಚ್ಚು. ಕಾರ್ಕ್ ಪ್ರಾಂತದ ಬ್ಯಾಲಿಂಗೀರಿಯಲ್ಲಿ 1904ರಲ್ಲಿ ಮೊದಲ ಐರಿಷ್ ಬೇಸಗೆಯ ಕಾಲೇಜು, ಉಪಾಧ್ಯಾಯರಿಗಾಗಿ, ತೆರೆಯಿತು. ಈಗ ಪ್ರತಿ ಬೇಸಗೆಯಲ್ಲಿಯೂ ಸಾವಿರಾರು ಮಕ್ಕಳು ಅಂಥ ಸೀಮೆಗಳ ಮನೆಗಳಲ್ಲಿ ಸಾಮಾನ್ಯವಾಗಿ ಮೂರು ವಾರ ಇರುತ್ತಾರೆ. ಬೆಳಿಗ್ಗೆ ಪಾಠ, ಮಧ್ಯಾಹ್ನ ಆಟ, ಸಂಜೆ ಕುಣಿತ, ಎಲ್ಲವೂ ಐರಿಷಿನಲ್ಲಿಯೇ. ಮನೆಯೊಡತಿಯೊಡನೆ ಅನ್ನ ಕೇಳುವುದೂ ಅದರಲ್ಲಿಯೇ ಆಗಬೇಕು. ಗಡಿಯಾಚೆಯ ಕನ್ನಡಿಗರಾದ ನಮಗೆ ಇದರಲ್ಲಿ ಯೋಚಿಸಬೇಕಾದುದು ಬಹಳವಿದೆ.

ಪರದೇಶದ ಶಿಬಿರಕ್ಕೆ ಹೋದ ಮಗುವನ್ನು ಅಲ್ಲಿಯವರು ಮೊದಲು ಕೇಳುವುದು, ನಿಮ್ಮಲ್ಲಿ ಏನುಂಟು ಎಂದು. ಇಂಗ್ಲಿಷ್ ಪ್ರಾಸಗಳನ್ನು ಅಲ್ಲಿಗೆ ಒಯ್ಯುವುದು ಕಡಲಿಗೆ ಉಪ್ಪು ಹೊತ್ತಂತೆ. ಪಾರ್ತಿಸುಬ್ಬನ ಕುಂಬಳೆಯ ಕಡೆಯ ಮಗುವಿಗೆ ಯಕ್ಷಗಾನದ ನಾಲ್ಕು ಹೆಜ್ಜೆ ಬಂದರೆ, ಚೆನ್ನೆಮಣೆಯ ಆಟವನ್ನು ಇತರರಿಗೆ ಕಲಿಸಲು ಬಂದರೆ, ಅದರ ಸಂಜೆ ತುಂಬಿಹೋಗುತ್ತದೆ. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ, ಶಾಲೆಯಲ್ಲಿ ಕನ್ನಡವನ್ನೂ, ಪೇಟೆಯಲ್ಲಿ ಮಲಯಾಳವನ್ನೂ ಆಡುವ ನಮ್ಮ ಮಗುವು, ಒಂದೇ ಭಾಷೆಯಲ್ಲಿ ಬೆಳೆದ ಮಗುವಿಗಿಂತ ಇಂಥ ಗ್ರಾಮದಲ್ಲಿ ಬೇಗ ಹೊಂದಿಕೊಂಡೀತೆಂದೇ ನಮ್ಮ ಅಭಿಪ್ರಾಯ. ಹೊಸ ಮಾತು ಕಿವಿಗೆ ಬಿದ್ದರೆ ಅದು ಬೆದರುವುದಿಲ್ಲ.

ಅಡ್ಡಿಗಳನ್ನೂ ಹೇಳಬೇಕು. ಮೊದಲನೆಯದು ಹಣ; ವಿಮಾನದ ವೆಚ್ಚವೊಂದೇ ನಮ್ಮಲ್ಲಿ ಅನೇಕ ಕುಟುಂಬಗಳ ಅಳವಿಗೆ ಮೀರಿದ್ದು. ಉಳ್ಳವರ ಮಕ್ಕಳಿಗಷ್ಟೇ ಒದಗುವ ಶಿಕ್ಷಣಕ್ಕಾಗಿ ಶಾಲೆಯ ನಿಧಿಯನ್ನು ತೆರೆಯುವುದನ್ನು ನಾವು ಒಪ್ಪೆವು. ಸಂಘವು ಏನನ್ನಾದರೂ ಕೊಡುವುದಾದರೆ, ಆಯ್ದ ಬಡ ಮಗುವೊಂದಕ್ಕೆ ಪೂರ್ಣವಾಗಿ ಕೊಡುವುದು ಲೇಸು. ಇನ್ನೊಂದು ಕಾಲದ ತೊಡಕು. ನಮ್ಮ ಬೇಸಗೆ ಏಪ್ರಿಲ್-ಮೇ. ಜೂನಿನಲ್ಲಿ ಮಳೆಯೊಡನೆ ಪಾಠವೂ ತೊಡಗುತ್ತದೆ. ಯುರೋಪಿನ ಮಕ್ಕಳ ದೀರ್ಘ ರಜೆ ಬಹುಮಟ್ಟಿಗೆ ಜುಲೈ-ಆಗಸ್ಟ್. ಆದುದರಿಂದ ಹೋಗುವ ಮಗು ಪಾಠ ತಪ್ಪಿಸಿಕೊಳ್ಳಲೇಬೇಕಾಗುತ್ತದೆ. ಮುಖ್ಯೋಪಾಧ್ಯಾಯರ ಒಪ್ಪಿಗೆಯನ್ನು ಮುಂಚೆಯೇ ಪಡೆದಿರುವುದು ಒಳ್ಳೆಯದು.

ಮಗುವಿಗೆ ಸ್ವಂತ ಪಾಸ್‌ಪೋರ್ಟು ಬೇಕು. 15 ವರ್ಷದೊಳಗಿನವರಿಗೆ ಕೊಡುವ ಪಾಸ್‌ಪೋರ್ಟು 5 ವರ್ಷ ನಡೆಯುತ್ತದೆ. ಅದಕ್ಕೆ ತಂದೆತಾಯಿಗಳ ಒಪ್ಪಿಗೆಯ ಹೇಳಿಕೆ ಅಗತ್ಯ. ಯಾವ ಏರ್ಪಾಡಿಗೇ ಸೇರಿಸುವುದಾದರೂ ಹಣ ಕಟ್ಟುವ ಮೊದಲು, ಎಷ್ಟು ಮಕ್ಕಳಿಗೆ ಒಬ್ಬ ವಯಸ್ಕರಿದ್ದಾರೆ, ರಾತ್ರಿ ಮಗು ಯಾರ ಮನೆಯಲ್ಲಿ ಮಲಗುತ್ತದೆ, ಆ ಮನೆಯವರನ್ನು ಪರಿಶೀಲಿಸಿದವರು ಯಾರು, ಕಾಯಿಲೆಯಾದರೆ ವಿಮೆ ಇದೆಯೇ ಎಂಬುದನ್ನು ಬರವಣಿಗೆಯಲ್ಲಿ ಕೇಳಿ ಪಡೆಯತಕ್ಕದ್ದು. ಉತ್ತರಿಸಲು ಹಿಂದೆಗೆಯುವವರೊಡನೆ ಮಗುವನ್ನು ಕಳುಹಿಸಲಾಗದು. ವೀಸಾದ ಕೆಲಸಕ್ಕೆ ವಾರಗಳು ಹಿಡಿಯುವುದರಿಂದ, ಜುಲೈಯ ಪ್ರಯಾಣಕ್ಕೆ ಕ್ರಿಸ್ಮಸ್ ರಜೆಯಲ್ಲಿಯೇ ತೊಡಗುವುದು ಸರಿ.